ಕೇಳಿ ಮುಟ್ಟುವ ಹಿಡಿಯಜ್ಜಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಒಂದೇ ಟ್ಯೂಬ್‌ಲೈಟು ಉರಿಯುತ್ತಿದೆ, ಅದೂ ಅದಕ್ಕೆ ಮನಸ್ಸು ಬಂದಾಗ. ಅರವತ್ತರ ಅಂಚಿನಲ್ಲಿರುವ ಹೆಂಗಸೊಬ್ಬರು ಫ್ರೀಜರಿನಿಂದ ಐಸ್ ಪ್ಯಾಕುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ನಿಲ್ಲಿಸಿ, ಕೈಕಟ್ಟಿ ಕೂರುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಊಹೂಂ ಎಂದು ತಲೆಯಾಡಿಸಿ ಮತ್ತೆ ಅಲ್ಲೇ ಇಡುತ್ತಾರೆ.

"ಒಳಗೆ ನೀರು ಗುಳುಗುಳು ಅನ್ನಬೇಕು. ಕಲ್ಲಿನ ಥರ ಇರೋವಾಗ್ಲೇ ಡಬ್ಬಿಗೆ ತುಂಬಿದ್ರೆ ಲಸಿಕೆ ಹೆಪ್ಪುಗಟ್ಟಿ ಕೆಟ್ಟು ಹೋಗುತ್ತೆ. ಬಿಸಿಯಾದ್ರೂ ಕೆಡುತ್ತೆ, ಜಾಸ್ತಿ ತಣ್ಣಗಾದ್ರೂ ಕೆಡುತ್ತೆ. ನಮ್ಮ ಯಜಮಾನ್ರೂ ಹೀಗೇ ಇದ್ರು, ಪಾಪ," ಎಂದು ತಾವೇ ನಗುತ್ತಾರೆ.

ಊರಿನ ಮಕ್ಕಳಿಗೆ ಇವರು ಹಿಡಿಯಜ್ಜಿ. ಅಸಲಿ ಹೆಸರನ್ನು ಕೇಳಿದರೆ ಕೇಂದ್ರದ ಸಿಸ್ಟರ್ ಕೂಡ ಒಂದು ಕ್ಷಣ ತಡವರಿಸುತ್ತಾರೆ. ಕೆಲಸಕ್ಕೆ ಸೇರಿದ್ದು ನೆಲ ಒರೆಸಲು. ಇವತ್ತಿಗೂ ಸಂಬಳದ ಪಟ್ಟಿಯಲ್ಲಿ ಇವರು ನೆಲ ಒರೆಸುವವರೇ. ಆದರೆ ಮೂವತ್ತು ವರ್ಷದ ಹಿಂದೆ ಒಂದು ದಿನ, ಸೂಜಿ ಕಂಡು ಕೈಕಾಲು ಝಾಡಿಸುತ್ತಿದ್ದ ಹುಡುಗನೊಬ್ಬನ ಮುಂದೆ ಅಂದಿನ ನರ್ಸು ಸೋತು ಕೂತಾಗ, ಇವರು ಒರೆಸುವ ಬಟ್ಟೆ ಪಕ್ಕಕ್ಕಿಟ್ಟು ಕೈ ತೊಳೆದು ಬಂದು ಅವನನ್ನು ಮಡಿಲಲ್ಲಿ ಕೂರಿಸಿಕೊಂಡರು. ಹುಡುಗ ಚೀರಿದ, ಆದರೆ ಮಿಸುಕಲಿಲ್ಲ. ಅಂದಿನಿಂದ ಶಾಲೆಗಳಲ್ಲಿ ಲಸಿಕೆ ಹಾಕುವ ದಿನ ಬಂದರೆ ಸೂಜಿ ಸಿಸ್ಟರ್‌ದು, ಮಗು ಇವರದು.

ಹಿಡಿಯುವುದರಲ್ಲೂ ಒಂದು ಪದ್ಧತಿಯಿದೆ. ಮಗುವನ್ನು ಅಡ್ಡಡ್ಡ ಕೂರಿಸಬೇಕು. ಅದರ ಕಾಲುಗಳು ನಮ್ಮ ಮೊಣಕಾಲುಗಳ ನಡುವೆ ಇರಬೇಕು. ಮಗುವಿನ ಒಂದು ಕೈ ನಮ್ಮ ಕಂಕುಳ ಕೆಳಗಿನಿಂದ ಬೆನ್ನ ಹಿಂದೆ ಹೋಗಬೇಕು, ತಬ್ಬಿಕೊಂಡ ಹಾಗೆ. ಇನ್ನೊಂದು ಕೈ ನಮ್ಮ ಅಂಗೈಯಲ್ಲಿ. "ಬಿಗಿಯಾಗಿ ಅಲ್ಲ, ಭದ್ರವಾಗಿ. ಎರಡಕ್ಕೂ ವ್ಯತ್ಯಾಸ ಇದೆ. ಬಿಗಿ ಹಿಡಿದ್ರೆ ಮಗು ಹೆದರುತ್ತೆ, ಭದ್ರ ಹಿಡಿದ್ರೆ ಅಳುತ್ತೆ ಅಷ್ಟೆ. ಅತ್ತರೆ ಅಳಲಿ ಬಿಡಿ, ಅಳೋಕೇನು ದುಡ್ಡು ಕೊಡಬೇಕಾ?"

ಈ ಕಲೆಗೆ ಇವರಿಗೆ ಸಿಕ್ಕ ಬಹುಮಾನ ಏನೆಂದರೆ, ಊರಿನ ಯಾವ ಮಗುವೂ ಇವರ ಹತ್ತಿರ ಸುಳಿಯುವುದಿಲ್ಲ. ಅಂಗಡಿಗೆ ಹೋದರೆ ಮಕ್ಕಳು ಅಮ್ಮನ ಹಿಂದೆ ಸರಿಯುತ್ತವೆ. ರಸ್ತೆಯ ಈ ತುದಿಯಲ್ಲಿ ಇವರು ಕಂಡರೆ ಆ ತುದಿಯಲ್ಲಿ ಆಟ ನಿಲ್ಲುತ್ತದೆ. ಮನೆಮನೆಯಲ್ಲಿ "ತಿಂತೀಯೋ, ಹಿಡಿಯಜ್ಜಿನ ಕರೀಲೋ?" ಎಂಬ ಮಾತು ಎಷ್ಟು ತಟ್ಟೆಗಳನ್ನು ಖಾಲಿ ಮಾಡಿಸಿದೆಯೋ ಲೆಕ್ಕವಿಲ್ಲ. ಇದೇ ಊರಿನಲ್ಲಿರುವ ನನ್ನ ಅಕ್ಕನೂ ತನ್ನ ಮಗನಿಗೆ ಹೀಗೇ ಹೆದರಿಸಿದ್ದು ನನಗೆ ನೆನಪಿದೆ. ಅದನ್ನು ಹೇಳಿದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಹುಡುಗ ಈಗ ಚೆನ್ನಾಗಿ ತಿನ್ನುತ್ತಾನಾ ಎಂದು ಕೇಳಿದರು.

ಆದರೆ ಇವರಿಗೆ ಮಕ್ಕಳೆಂದರೆ ಪ್ರಾಣ. ಇದನ್ನು ಯಾವ ಬಳಸು ಮಾತೂ ಇಲ್ಲದೆ ನೇರವಾಗಿಯೇ ಹೇಳುತ್ತಾರೆ. "ಒಂದೊಂದು ಮಗು ಅರ್ಧ ನಿಮಿಷ ನನ್ನ ಮಡಿಲಲ್ಲಿ ಇರ್ತಿತ್ತು. ಕೂದಲಲ್ಲಿ ಪೆನ್ಸಿಲ್ ವಾಸನೆ, ಸೋಪಿನ ವಾಸನೆ. ಅತ್ತು ಅತ್ತು ಒದ್ದೆಯಾದ ಮುಖ ನನ್ನ ಭುಜಕ್ಕೆ ಒತ್ತಿರ್ತಿತ್ತು. ಆಮೇಲೆ ಇಳಿದು ಓಡಿಹೋಗೋದು, ತಿರುಗಿ ನೋಡ್ತಿರಲಿಲ್ಲ. ಪರವಾಗಿಲ್ಲ, ಆ ಅರ್ಧ ನಿಮಿಷ ನನ್ನದೇ ತಾನೆ ಅಂದ್ಕೋತಿದ್ದೆ."

ಈ ಅರ್ಧ ನಿಮಿಷವನ್ನೂ ಅವರು ಕಳೆದುಕೊಂಡ ಕತೆ ಆರು ವರ್ಷ ಹಿಂದಿನದು. ಅದನ್ನು ಹೇಳುವಾಗ ಅವರು ಐಸ್ ಪ್ಯಾಕುಗಳ ಕಡೆ ನೋಡುತ್ತಾರೆಯೇ ಹೊರತು ನನ್ನ ಕಡೆ ಅಲ್ಲ.

ಅವರಿಗಿರುವುದು ಒಬ್ಬಳೇ ಮಗಳು, ಮೂರು ಬೀದಿ ಆಚೆ ಮನೆ. ಮಗಳ ಮೊದಲ ಮಗ ಹಸುಗೂಸಾಗಿದ್ದಾಗ ಒಮ್ಮೆ ಲಸಿಕೆಯ ಮಾರನೇ ದಿನ ಜ್ವರ ಏರಿ, ಫಿಟ್ಸ್ ಬಂದಿತ್ತು. ಇಂಥದ್ದು ನೋಡಲು ಭಯಂಕರ, ಆದರೆ ಸಾಮಾನ್ಯವಾಗಿ ಮಗುವಿಗೆ ಏನೂ ಆಗುವುದಿಲ್ಲ ಎಂದು ಸಿಸ್ಟರ್ ನನಗೆ ವಿವರಿಸಿದರು. ಸರಿ, ಆದರೆ ನೋಡಿದವಳು ತಾಯಿ. ಹುಡುಗ ಒಂದನೇ ತರಗತಿಗೆ ಬಂದಾಗ ಶಾಲೆಯಲ್ಲಿ ದಡಾರದ ಲಸಿಕೆಯ ದಿನ ಗೊತ್ತಾಯಿತು. "ಸ್ವಲ್ಪ ತಡಿ ಅಮ್ಮ, ಅವನ ಡಾಕ್ಟರನ್ನ ಒಂದು ಮಾತು ಕೇಳಿ ಹಾಕಿಸ್ತೀನಿ," ಎಂದಿದ್ದಳು ಮಗಳು. ಬೇಡ ಎಂದಿರಲಿಲ್ಲ. ತಡಿ ಎಂದಿದ್ದಳು, ಅಷ್ಟೆ.

ಆ ದಿನ ಹುಡುಗ ಗೆಳೆಯರ ಜೊತೆ ಸಾಲಿನಲ್ಲಿ ಬಂದು ನಿಂತ. ತರಗತಿಯ ಮೇಡಮ್ಮು, ಈ ಹುಡುಗನ ಮನೆಯಿಂದ ಒಪ್ಪಿಗೆ ಬಂದಿಲ್ಲವಲ್ಲ ಎಂದರು. "ನನ್ನ ಮೊಮ್ಮಗ ಕಣಮ್ಮ, ನಾನೇ ಹೇಳ್ತಿದ್ದೀನಲ್ಲ," ಎಂದರು ಇವರು. ಹೇಳಿ, ಅವನನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡರು. ಸಿಸ್ಟರ್ ನಂಬಿದರು. ಅಜ್ಜಿಯೇ ಹೂಂ ಎಂದ ಮೇಲೆ ಇನ್ನಾರನ್ನು ಕೇಳಬೇಕು? ಸಂಜೆ ಮಗಳು ಹುಡುಗನ ಅಂಗಿ ಬಿಚ್ಚಿದಾಗ ತೋಳಿನ ಮೇಲೆ ಹತ್ತಿಯ ಪಟ್ಟಿ ಕಂಡಳು. ರಾತ್ರಿಯೆಲ್ಲ ಹುಡುಗನ ಪಕ್ಕ ಕೂತಳು. ಮೈ ಸ್ವಲ್ಪ ಬಿಸಿಯಾಯಿತು, ಬೆಳಿಗ್ಗೆ ಇಳಿಯಿತು. ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಎಂದು ಬರೆಯುವುದು ನನಗೆ ಸುಲಭ. ಮಗಳು ಬಂದು ಬಾಗಿಲಲ್ಲೇ ನಿಂತು ಹೇಳಿದ ಮಾತನ್ನು ಇವರು ಇವತ್ತಿಗೂ ಒಂದಕ್ಷರ ಬಿಡದೆ ಹೇಳುತ್ತಾರೆ: "ಅವನು ನಿನಗೆ ಮೊಮ್ಮಗ ಆಗೋದಕ್ಕೆ ಮುಂಚೆ ನನಗೆ ಮಗ."

ನಾನು ಸಮಾಧಾನ ಮಾಡುವ ಉತ್ಸಾಹದಲ್ಲಿ, ಎಷ್ಟೆಂದರೂ ಲಸಿಕೆ ಒಳ್ಳೆಯದಕ್ಕೇ ಅಲ್ಲವೇ, ಎಂದೆ. ಅವರು ಮಾತು ಮುಗಿಸಲು ಬಿಡಲಿಲ್ಲ. "ಲಸಿಕೆ ಸರಿಯಾಗೇ ಇತ್ತು. ನಾನು ಸರಿ ಇರಲಿಲ್ಲ. ಎರಡನ್ನೂ ಕಲಸಬೇಡಿ."

ಪುಟ್ಟ ಊರಿನಲ್ಲಿ ಇಂಥ ಸುದ್ದಿಗೆ ಕಾಲು ಬರಲು ಹೊತ್ತು ಬೇಕಿಲ್ಲ. ಸ್ವಂತ ಮಗಳ ಮಗುವನ್ನೇ ಕೇಳದೆ ಹಿಡಿದವಳು ನಮ್ಮ ಮಕ್ಕಳನ್ನು ಬಿಡುತ್ತಾಳಾ ಎಂಬ ಮಾತು ನಲ್ಲಿಯ ಹತ್ತಿರ, ಬಸ್‌ ನಿಲ್ದಾಣದಲ್ಲಿ, ಶಾಲೆಯ ಗೇಟಿನ ಮುಂದೆ ಓಡಾಡಿತು. ಮುಂದಿನ ವರ್ಷ ಲಸಿಕೆಯ ದಿನ ಆ ಶಾಲೆಯಲ್ಲಿ ಅರ್ಧದಷ್ಟು ಮಕ್ಕಳು ರಜೆ. ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬಳಿಗೆ ಮದುವೆ ಮನೆ, ಮತ್ತೊಬ್ಬನಿಗೆ ಕಾರಣ ಹೇಳುವ ಗೋಜೂ ಬೇಕಿರಲಿಲ್ಲ. ಅದೇ ಚಳಿಗಾಲ ದಡಾರ ಬಂತು. ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಹೋಯಿತು, ಶಾಲೆಯಿಂದ ಮನೆಗಳಿಗೆ ಹೋಯಿತು. ಮಕ್ಕಳೆಲ್ಲ ಉಳಿದರು. ಆದರೆ ಬಟ್ಟೆ ಹೊಲಿಯುವ ಹೆಂಗಸಿನ ಮಗಳಿಗೆ ಒಂದು ಕಿವಿ ಕೇಳದಂತಾಯಿತು.

ಆ ಹೆಂಗಸಿನ ಅಂಗಡಿ ಶಾಲೆಯ ಎದುರಿಗೇ ಇದೆ. ಹೊಲಿಗೆ ಯಂತ್ರದಿಂದ ಕಣ್ಣೆತ್ತದೆ ಹೇಳಿದರು: "ನಾನು ಸೂಜಿಗೆ ಹೆದರೋಳಲ್ಲ ಸ್ವಾಮಿ, ದಿನಾ ಸೂಜಿ ಜೊತೆನೇ ಇರೋಳು. ಕೇಳದೆ ಮುಟ್ಟೋ ಕೈಗೆ ಹೆದರಿದೆ. ಅವತ್ತು ಹೆದರಿದ್ದಕ್ಕೆ ಇವತ್ತು ನನ್ನ ಮಗಳನ್ನ ಕರೀಬೇಕಾದ್ರೆ ಬಲಗಡೆಗೆ ಹೋಗಿ ಕರೀತೀನಿ."

ಮಗು ಆಸ್ಪತ್ರೆಯಿಂದ ಬಂದ ವಾರ ಹಿಡಿಯಜ್ಜಿ ಆ ಅಂಗಡಿಯ ಬಾಗಿಲಲ್ಲಿ ನಿಂತರು. ಒಳಗೆ ಕರೆಯುವವರೆಗೂ ಹೋಗಲಿಲ್ಲ. ಕರೆದದ್ದು ಮೂರನೇ ಸಲ ಹೋದಾಗ. ಮೊಮ್ಮಗನ ವಿಷಯದಲ್ಲಿ ತಾವು ಮಾಡಿದ್ದು ತಪ್ಪು, ಅದರ ಬಿಸಿ ನಿಮ್ಮ ಮಗುವಿಗೆ ತಟ್ಟಿತು ಎಂದರು. ಆಮೇಲೆ, ಇನ್ನು ಮುಂದೆ ತಾಯಿಯೋ ತಂದೆಯೋ ಹೂಂ ಎನ್ನದೆ ಯಾವ ಮಗುವಿಗೂ ಕೈ ಹಚ್ಚುವುದಿಲ್ಲ ಎಂದರು. ಹೊಲಿಗೆಯವರು ಮುಖಕ್ಕೆ ಹೊಡೆದ ಹಾಗೆ ಕೇಳಿದರು, "ಹಿಡಿಯೋದು ನೀವೇ ಯಾಕೆ? ನನ್ನ ಮಗುನ ನಾನು ಹಿಡಿಯಕ್ಕಾಗಲ್ವಾ?"

ಹಿಡಿಯಜ್ಜಿ ಆ ಪ್ರಶ್ನೆಯನ್ನು ಮನೆಗೆ ಹೊತ್ತು ತಂದರು. ಮರುದಿನ ಸಿಸ್ಟರ್ ಮುಂದೆ ಇಟ್ಟರು. ಸಿಸ್ಟರ್ ಒಪ್ಪಿದರು, ಹೆಡ್‌ಮೇಡಮ್ಮು ಹೌಹಾರಿದರು. ಮಕ್ಕಳನ್ನು ಸುಧಾರಿಸುವುದೇ ಸಾಕಾಗಿದೆ, ಇನ್ನು ಅಮ್ಮಂದಿರ ದಂಡನ್ನೂ ತರಗತಿಗೆ ಬಿಟ್ಟುಕೊಳ್ಳಬೇಕಾ? ಕೊನೆಗೆ, ಒಂದು ವರ್ಷ ನೋಡೋಣ ಎಂದರು. ಹೀಗೆ ಶುರುವಾಯಿತು, ಈ ಊರಿನಲ್ಲಿ ಮಕ್ಕಳನ್ನು ಹೆತ್ತವರೇ ಹಿಡಿಯುವ ಪದ್ಧತಿ.

ಸಂಜೆ ಕೆಲಸ ಮುಗಿಸಿ ಹಿಡಿಯಜ್ಜಿ ಮನೆಮನೆಗೆ ಹೋದರು, ಈಗಲೂ ಹೋಗುತ್ತಾರೆ. ಭಾಷಣವಿಲ್ಲ, ಕರಪತ್ರವಿಲ್ಲ. ಮೊದಲು ತಾವು ಮಾಡಿದ್ದನ್ನು ಹೇಳುತ್ತಾರೆ. ಆಮೇಲೆ ನಿಮಗೇನು ಭಯ ಎಂದು ಕೇಳುತ್ತಾರೆ. ಗೊತ್ತಿಲ್ಲದ್ದನ್ನು ಕೇಳಿದರೆ "ಸಿಸ್ಟರ್‌ನ ಕೇಳಿ ನಾಳೆ ಹೇಳ್ತೀನಿ" ಎನ್ನುತ್ತಾರೆ, ನಾಳೆ ನಿಜವಾಗಿಯೂ ಬರುತ್ತಾರೆ. ನಮ್ಮ ಕಚೇರಿಗಳಲ್ಲಿ 'ನಾಳೆ' ಎಂಬುದನ್ನು ಕೇಳಿ ಕೇಳಿ ಬೇಸತ್ತ ನನಗೆ ಇದೇ ದೊಡ್ಡ ಪವಾಡದಂತೆ ಕಂಡಿತು. ಮನೆಯವರು ಒಪ್ಪಿದರೆ ಒಂದು ದಿಂಬು ಕೇಳುತ್ತಾರೆ. ದಿಂಬನ್ನು ಮಡಿಲಲ್ಲಿ ಅಡ್ಡ ಕೂರಿಸಿ, ಹೇಗೆ ಹಿಡಿಯಬೇಕೆಂದು ತೋರಿಸುತ್ತಾರೆ.

"ಅಮ್ಮಂದಿರು ಬೇಗ ಕಲೀತಾರೆ. ಅಪ್ಪಂದಿರದ್ದೇ ಕಷ್ಟ," ಎನ್ನುತ್ತಾರೆ ಸಿಸ್ಟರ್. ಲಾರಿ ಓಡಿಸುವ ಆಜಾನುಬಾಹು ಒಬ್ಬ, ಇದೇನು ಮಹಾ ಎಂದು ಮಗಳನ್ನು ಎತ್ತಿಕೊಂಡು ಬಂದು ಕೂತನಂತೆ. ಸೂಜಿ ಹೊರಗೆ ಬಂದದ್ದೇ ತಡ, ಕಣ್ಣು ಮೇಲೆ ಮಾಡಿ ಕುರ್ಚಿಯಿಂದ ಜಾರಿದ. "ಮಗು ಗಟ್ಟಿಯಾಗೇ ಇತ್ತು. ಕೊನೆಗೆ ನಾನು ಹಿಡಿದಿದ್ದು ಅವನನ್ನೇ," ಎಂದು ಹಿಡಿಯಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ.

ಮೊದಲ ವರ್ಷ ಬಂದವರು ಕಡಿಮೆ. ಮುಂದಿನ ವರ್ಷ ಹೊಲಿಗೆಯವರು ತಮ್ಮ ಎರಡನೇ ಮಗುವನ್ನು ಕರೆತಂದರು, ಅವರ ಹಿಂದೆ ಅವರ ಬೀದಿಯೇ ಬಂತು. ಅರ್ಧಕ್ಕೆ ಕುಸಿದಿದ್ದ ಲಸಿಕೆಯ ಲೆಕ್ಕ ಈಗ ನೂರಕ್ಕೆ ತೊಂಬತ್ತೈದು ದಾಟಿದೆ. ಪಕ್ಕದ ಶಾಲೆಗಳವರೂ ಬಂದು ನೋಡಿಕೊಂಡು ಹೋಗಿದ್ದಾರೆ. ಇಲಾಖೆಯ ಸಭೆಯಲ್ಲಿ ಈ ಸಾಧನೆಗಾಗಿ ಚಪ್ಪಾಳೆ ಬಿತ್ತಂತೆ. ಆ ಹೊತ್ತಿನಲ್ಲಿ ಇವರು ಹೊರಗಡೆ ಅದೇ ಸಭೆಯ ಲೋಟ ತೊಳೆಯುತ್ತಿದ್ದರು. ನನಗೆ ಸಿಟ್ಟು ಬಂತು, ಅವರಿಗೆ ಬರಲಿಲ್ಲ. ಅವರ ಕೊರಗೇ ಬೇರೆ.

"ಈಗ ನನ್ನ ಮಡಿಲಿಗೆ ಯಾರೂ ಬರಲ್ಲ," ಎನ್ನುತ್ತಾರೆ. "ಹೆತ್ತವರು ಬರೋಕಾಗ್ದೆ, ನೀವೇ ಹಿಡೀರಿ ಅಂತ ಹೇಳಿ ಕಳಿಸಿದ ಮಕ್ಕಳು ವರ್ಷಕ್ಕೆ ಎಲ್ಲೋ ನಾಲ್ಕೈದು. ಉಳಿದವರನ್ನ ಅವರಮ್ಮಂದಿರು ಹಿಡೀತಾರೆ. ಹಾಗೇ ಆಗಬೇಕು, ಅದೇ ಸರಿ. ಆದ್ರೂ ಗೋಡೆ ಪಕ್ಕ ನಿಂತು ನೋಡ್ತಿರ್ತೀನಲ್ಲ, ಕೈ ಸುಮ್ಮನಿರಲ್ಲ. ತಾನಾಗೇ ಮುಂದೆ ಹೋಗುತ್ತೆ. ಹಿಂದೆ ಕಟ್ಕೋತೀನಿ."

ಮತ್ತೆ ಮಗಳು? ಮಾತು ಬಿಟ್ಟಿಲ್ಲ. ದಾರಿಯಲ್ಲಿ ಸಿಕ್ಕರೆ ಊಟ ಆಯ್ತಾ, ಆಯ್ತು ಎನ್ನುವಷ್ಟು ಇದೆ. ಅಳಿಯ ಆಗಾಗ ಬಂದು ಬಲ್ಬು ಬದಲಾಯಿಸಿ ಹೋಗುತ್ತಾನೆ. ಆದರೆ ಮಕ್ಕಳನ್ನು ಇವರ ಹತ್ತಿರ ಬಿಟ್ಟಿಲ್ಲ, ಒಂದು ಸಂಜೆಗೂ. ಆ ಜಗಳದ ಹೊತ್ತಿಗೆ ಮೊಮ್ಮಗಳು ಮೂರು ತಿಂಗಳ ಕೂಸು. ಅಂದರೆ ಇವರು ಆ ಮಗುವನ್ನು ಎತ್ತಿದ್ದು ಮೂರು ತಿಂಗಳು ಮಾತ್ರ. ಅವಳು ಬಲಗೈಯಲ್ಲಿ ತಿನ್ನುತ್ತಾಳೋ ಎಡಗೈಯಲ್ಲೋ, ಮಲಗುವಾಗ ಬೆರಳು ಚೀಪುತ್ತಾಳೋ, ಕತೆ ಕೇಳುತ್ತಾಳೋ, ಇವರಿಗೆ ಗೊತ್ತಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಹಳದಿ ಬ್ಯಾಗು ಹಾಕಿಕೊಂಡು ಹೋಗುವುದನ್ನು ನೋಡಿದ್ದಾರೆ.

"ಊರಿಗೆಲ್ಲ ತಪ್ಪಾಯ್ತು ಅಂತ ಹೇಳಿದೆ. ಅವಳಿಗೆ ಹೇಳೋಕೆ ಹೋದ್ರೆ ಮಾತ್ರ ಕೊನೇಲಿ ಒಂದು 'ಆದ್ರೆ' ಸೇರ್ಕೊಳ್ತಿತ್ತು. ತಪ್ಪಾಯ್ತು, ಆದ್ರೆ ನಾನು ಒಳ್ಳೇದಕ್ಕೇ ಮಾಡಿದ್ದು. ತಪ್ಪಾಯ್ತು, ಆದ್ರೆ ಏನೂ ಆಗ್ಲಿಲ್ವಲ್ಲ. ಅಷ್ಟು ಕೇಳಿದ್ರೆ ಸಾಕು, ಅವಳ ಮುಖ ಮುಚ್ಚಿಕೊಳ್ಳೋದು. ಹೆತ್ತ ಮಗಳ ಮುಂದೆ ಸೋಲೋದು ಕಷ್ಟ ಕಣ್ರಿ."

ಮೊಮ್ಮಗಳು ಈ ವರ್ಷ ಒಂದನೇ ತರಗತಿ. ಎರಡು ವಾರದ ಹಿಂದೆ, ಎಲ್ಲರ ಮನೆಗೆ ಹೋದ ಹಾಗೆ, ಹಿಡಿಯಜ್ಜಿ ಮಗಳ ಮನೆಯ ಬಾಗಿಲಿಗೂ ಹೋದರು. ಹೊರಗೇ ನಿಂತರು. "ಅವತ್ತು ನಿನ್ನ ಕೇಳದೆ ಮಾಡಿದೆ. ತಪ್ಪಾಯ್ತು," ಎಂದು ಹೇಳಿ, ಬಾಯಿ ಮುಚ್ಚಿದರು. ಲಸಿಕೆಯ ದಿನ ಯಾವಾಗ ಎಂದು ತಿಳಿಸಿದರು. ಮಗಳು ಬಾಗಿಲ ಚಿಲಕ ಹಿಡಿದುಕೊಂಡೇ, "ನೋಡ್ತೀನಿ," ಎಂದಳು.

"ನೋಡ್ತೀನಿ ಅಂದ್ರೆ ಬರ್ತೀನಿ ಅಂತನಾ, ಬರಲ್ಲ ಅಂತನಾ? ಬರೆಯೋರು ನೀವು, ನೀವೇ ಹೇಳಿ," ಎಂದು ನನ್ನನ್ನು ಕೇಳುತ್ತಾರೆ. ನನಗೂ ಗೊತ್ತಿಲ್ಲ. ಆ ದಿನ ಇವತ್ತೇ. ಐಸ್ ಪ್ಯಾಕು ಕೊನೆಗೂ ಗುಳುಗುಳು ಎನ್ನುತ್ತದೆ. ನೀಲಿ ಡಬ್ಬಿ ತುಂಬಿ, ಅದರ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಅವರು ಏಳುತ್ತಾರೆ. ನಾನು ಹೊರುತ್ತೇನೆಂದರೆ ಕೊಡುವುದಿಲ್ಲ.

ಶಾಲೆಯಲ್ಲಿ ಒಂದನೇ ತರಗತಿಯ ಬೆಂಚುಗಳನ್ನು ಗೋಡೆಗೆ ಸರಿಸಿದ್ದಾರೆ. ಕಿಟಕಿಯ ಪಕ್ಕ ಸಿಸ್ಟರ್‌ನ ಮೇಜು, ಎದುರಿಗೆ ಒಂದು ಕುರ್ಚಿ. ಹೊರಗಿನ ಜಗುಲಿಯಲ್ಲಿ ಹೆತ್ತವರ ಸಾಲು. ಒಬ್ಬೊಬ್ಬರಿಗೂ ಸಿಸ್ಟರ್ ಯಾವ ಲಸಿಕೆ, ಯಾಕೆ, ಆಮೇಲೆ ಏನಾಗಬಹುದು ಎಂದು ಹೇಳಿ, ಹಾಕಲಾ ಎಂದು ಕೇಳುತ್ತಾರೆ. ಹೂಂ ಎಂದ ಮೇಲೇ ಸೂಜಿ ಹೊರಗೆ. ಒಬ್ಬ ಹುಡುಗ ಸೂಜಿ ಕಾಣುವ ಮೊದಲೇ ಅಳು ಮುಗಿಸಿಬಿಟ್ಟಿದ್ದಾನೆ. ಇನ್ನೊಬ್ಬಳು ತನ್ನ ಅಪ್ಪನಿಗೆ ಧೈರ್ಯ ಹೇಳುತ್ತಿದ್ದಾಳೆ. ಹಿಡಿಯಜ್ಜಿ ಗೋಡೆಯ ಪಕ್ಕ ಕೈ ಹಿಂದೆ ಕಟ್ಟಿ ನಿಂತು, "ಕಾಲು ಮೊಣಕಾಲ ಮಧ್ಯೆ ತಗೋಮ್ಮ... ಹಾಂ, ಸಾಕು," ಎನ್ನುತ್ತಿದ್ದಾರೆ. ಕಣ್ಣು ಮಾತ್ರ ಬಾಗಿಲ ಕಡೆಗೇ.

ಸಾಲು ಕರಗುತ್ತಾ ಬರುತ್ತದೆ. ಸಿಸ್ಟರ್ ಗಡಿಯಾರ ನೋಡುತ್ತಾರೆ. ಹಿಡಿಯಜ್ಜಿ ಒಂದು ಬೆಂಚನ್ನು ಸುಮ್ಮನೆ ಇನ್ನೊಂದಿಷ್ಟು ಗೋಡೆಗೆ ದೂಡುತ್ತಾರೆ. ಇನ್ನು ಬರುವುದಿಲ್ಲ ಎಂದು ನಾನೂ ಅಂದುಕೊಳ್ಳುತ್ತೇನೆ.

ಆಗ ಹಳದಿ ಬ್ಯಾಗಿನ ಹುಡುಗಿಯ ಕೈ ಹಿಡಿದು ಮಗಳು ಒಳಗೆ ಬರುತ್ತಾಳೆ. ತಾಯಿಯ ಕಡೆ ನೋಡುವುದಿಲ್ಲ. ಸಿಸ್ಟರ್ ಹೇಳುವುದನ್ನೆಲ್ಲ ಕೇಳುತ್ತಾಳೆ, ಫಿಟ್ಸ್ ಬಗ್ಗೆ ಎರಡು ಪ್ರಶ್ನೆ ಕೇಳುತ್ತಾಳೆ, ಮಗುವಿನ ಡಾಕ್ಟರ್ ಏನೆಂದರು ಎಂಬುದನ್ನೂ ಹೇಳುತ್ತಾಳೆ. ಆಮೇಲೆ ಹೂಂ ಎಂದು ಕುರ್ಚಿಯಲ್ಲಿ ಕೂರುತ್ತಾಳೆ. ಮಗುವನ್ನು ಅಡ್ಡ ಕೂರಿಸಿಕೊಂಡು, ಕಾಲುಗಳನ್ನು ಮೊಣಕಾಲುಗಳ ನಡುವೆ ತೆಗೆದುಕೊಂಡು, ಒಂದು ಪುಟ್ಟ ಕೈಯನ್ನು ತನ್ನ ಬೆನ್ನ ಹಿಂದೆ ಸರಿಸುತ್ತಾಳೆ. ಯಾರೂ ಅವಳಿಗೆ ದಿಂಬಿಟ್ಟು ತೋರಿಸಿರಲಿಲ್ಲ. ಹಿಡಿಯಜ್ಜಿಗೆ ಈ ಸಲ ತಿದ್ದುವಂಥದ್ದು ಏನೂ ಇಲ್ಲ. ಮಗು ಶಾಲೆಯೆಲ್ಲ ಕೇಳುವಂತೆ ಕಿರುಚುತ್ತದೆ, ಮಿಸುಕುವುದಿಲ್ಲ.

ಲಸಿಕೆ ಹಾಕಿಸಿಕೊಂಡ ಮಕ್ಕಳು ಅರ್ಧ ಗಂಟೆ ಪಕ್ಕದ ಕೋಣೆಯಲ್ಲಿ ಕೂರಬೇಕು. ಅಲ್ಲಿ ಒಬ್ಬೊಬ್ಬರ ಹಣೆ ಮುಟ್ಟಿ, ತೋಳು ನೋಡುವುದು ಹಿಡಿಯಜ್ಜಿಯ ಕೆಲಸ. ಮೊದಲ ಬೆಂಚಿನಿಂದ ಶುರು ಮಾಡುತ್ತಾರೆ. ಪ್ರತಿ ತಾಯಿಯ ಮುಂದೆಯೂ ನಿಂತು "ಮುಟ್ಲಾ?" ಎಂದು ಕೇಳುತ್ತಾರೆ. ಕೆಲವರು ಇದನ್ನೂ ಕೇಳ್ಬೇಕಾ ಅಜ್ಜಿ ಎಂದು ನಗುತ್ತಾರೆ, ಹೂಂ ಎನ್ನುತ್ತಾರೆ. ಕೊನೆಯ ಬೆಂಚಿಗೆ ಬರುವಾಗ ಅವರ ನಡಿಗೆ ನಿಧಾನವಾಗುತ್ತದೆ.

"ಮುಟ್ಲಾ?"

ಮಗಳು ತಲೆಯೆತ್ತಿ ತಾಯಿಯನ್ನು ನೋಡುತ್ತಾಳೆ. ಆಮೇಲೆ, "ಹೂಂ," ಎನ್ನುತ್ತಾಳೆ.

ಹಿಡಿಯಜ್ಜಿ ಬಗ್ಗಿ ಮೊಮ್ಮಗಳ ಹಣೆಯ ಮೇಲೆ ಅಂಗೈ ಇಡುತ್ತಾರೆ. ಅಳು ಇನ್ನೂ ಪೂರ್ತಿ ನಿಂತಿರದ ಹುಡುಗಿ ಬಿಕ್ಕುತ್ತಾ ಕೇಳುತ್ತಾಳೆ, "ನೀವು ಹಿಡಿಯಜ್ಜಿ ಅಲ್ವಾ?"

"ಹೂಂ, ನಾನೇ."

"ಮತ್ತೆ ನನ್ನ ಹಿಡೀಲೇ ಇಲ್ಲ?"

ಮಗಳು ಕಿಟಕಿಯ ಕಡೆ ಮುಖ ತಿರುಗಿಸುತ್ತಾಳೆ. ಹಿಡಿಯಜ್ಜಿಯ ಅಂಗೈ ಹಣೆಯ ಮೇಲೆಯೇ ಇದೆ. ಅರ್ಧ ಗಂಟೆ ಮುಗಿದಾಗ ಮಗಳು ಏಳುತ್ತಾಳೆ, ಬ್ಯಾಗು ತೆಗೆದುಕೊಳ್ಳುತ್ತಾಳೆ, "ಹೋಗ್ಬರ್ತೀವಿ," ಎಂದು ಹೊರಡುತ್ತಾಳೆ. ಮನೆಗೆ ಬಾ ಎನ್ನಲಿಲ್ಲ. ಹುಡುಗಿ ಗೇಟಿನವರೆಗೂ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಾ ಹೋಗುತ್ತಾಳೆ.

ಖಾಲಿಯಾದ ಕೋಣೆಯಲ್ಲಿ ಹಿಡಿಯಜ್ಜಿ ಬೆಂಚುಗಳನ್ನು ಮೊದಲಿನ ಜಾಗಕ್ಕೆ ಎಳೆಯುತ್ತಾರೆ. ನಾನೂ ಒಂದು ತುದಿ ಹಿಡಿಯುತ್ತೇನೆ. ಏನು ಕೇಳಬೇಕೆಂದು ತೋಚದೆ, ಅಷ್ಟು ಹೊತ್ತು ಹಣೆ ಮುಟ್ಟಿದಿರಲ್ಲ, ಮಗುವಿಗೆ ಜ್ವರವಿತ್ತೇ ಎಂದು ಕೇಳುತ್ತೇನೆ.

ಅವರು ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಳ್ಳುತ್ತಾರೆ.

"ಇಲ್ಲ, ಜ್ವರ ಏನಿಲ್ಲ," ಎನ್ನುತ್ತಾರೆ. "ಮಗು ಬೆಚ್ಚಗಿತ್ತು, ಅಷ್ಟೆ."